ಕಾಟಾ ಭಾಷೆಯನ್ನು ಕಿವಿಗೆ ಹೊಂದಿಸಿದ ಕಾಲ

ಇವತ್ತು ಮಾಡಿದ ಕೆಲಸ: ನಳ ಬಂದಿತ್ತು, ಹಂಡೆ ಕೊಡ ಎಲ್ಲ ತುಂಬಿಸಿಟ್ಟೆ. ಹುಳ ಬೀಳಬಾರದೆಂದು ಕಡಲೆಬೇಳೆಯನ್ನು ಬಿಸಿಲಿಗೆ ಹರವಿದೆ. ಯಜಮಾನರ ಅಂಗಿಗೆ ಗುಂಡಿ ಹಚ್ಚಿದೆ. ಹಿತ್ತಲ ಬಾಗಿಲಿನ ಚಿಲಕಕ್ಕೆ ಎಣ್ಣೆ ಬಿಟ್ಟೆ. ಗ್ಯಾಸಿನವರಿಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಮಧ್ಯಾಹ್ನ ನಮ್ಮ ಓಣಿಯ ಸವಿತಾ ಬಂದಳು. ಕಂಪ್ಯೂಟರ್ ಓದು ಮುಗಿಸಿ ಮುಂದಿನ ವಾರ ಗದಗಿನಲ್ಲಿ ಕೆಲಸಕ್ಕೆ ಸೇರುತ್ತಾಳೆ. "ಮಾವಶಿ, ಪುಸ್ತಕದಾಗ ಇದ್ದದ್ದು ಬ್ಯಾಡ. ಖರೇ ಖರೇ ಆ ಕೆಲಸ ಹ್ಯಾಂಗ ಇರತೈತಿ ಹೇಳ್ರಿ" ಎಂದಳು. ಚಹಾ ಮಾಡಿ ಕೊಟ್ಟೆ. ಬಾಯಿಂದ ಹೇಳಲು ಹೋದರೆ ನನಗೆ ಹಿಂದಿನದು ಮುಂದಾಗುತ್ತದೆ, ಬರೆದು ಕೊಡುತ್ತೇನೆ ಎಂದು ಕಳಿಸಿದೆ.

ನಾನು ರೋಣದಲ್ಲಿ ಟೈಪಿಂಗ್ ಕಲಿಸುತ್ತಿದ್ದವಳು. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಟೈಪಿಂಗ್ ಕಲಿಯಲು ಬರುವವರು ನಿಂತರು. ಯಂತ್ರಗಳನ್ನು ಹಳೇ ಸಾಮಾನಿನವನು ಬಂಡಿಗೆ ಹೇರಿಕೊಂಡು ಹೋದ. ಆಗ ಗಜೇಂದ್ರಗಡದ ಕಳಕಪ್ಪ ಸಾಹುಕಾರರ ಕಚೇರಿಯಲ್ಲಿ ವೇಗವಾಗಿ ಟೈಪ್ ಮಾಡುವವರು ಬೇಕೆಂದು ತಿಳಿದು ಹೋದೆ. ನೂಲಿನ ಅಂಗಡಿಯ ಮೇಲಿನ ಮಾಳಿಗೆ, ಕಡಿದಾದ ಮೆಟ್ಟಿಲು, ಕಂಪ್ಯೂಟರ್ ಇಟ್ಟ ಎರಡು ಮೇಜು, ಒಂದು ಫೋನು. ಕಚೇರಿ ಹುಬ್ಬಳ್ಳಿಗೆ ಹೋಗುವವರೆಗೂ ನಾನು ಅಲ್ಲಿಯೇ ಇದ್ದೆ. ಆಮೇಲೆ ಬಸ್ಸಿನ ಓಡಾಟ ಬೇಡವೆನಿಸಿ ಬಿಟ್ಟೆ. ನನ್ನ ಹುದ್ದೆಯ ಹೆಸರು ನಡುನಡುವೆ ಬದಲಾಯಿತು. ಕುರ್ಚಿ ಬದಲಾಗಲಿಲ್ಲ, ಆದ್ದರಿಂದ ಅದರ ಬಗ್ಗೆ ಬರೆಯುವುದಿಲ್ಲ.

ಲಾರಿ, ಟ್ರ್ಯಾಕ್ಟರು, ಚಕ್ಕಡಿಗಳನ್ನು ಮಾಲಿನ ಸಮೇತ ತೂಗುವ ದೊಡ್ಡ ತಕ್ಕಡಿಗೆ ನಮ್ಮ ಕಡೆ ಕಾಟಾ ಎನ್ನುತ್ತಾರೆ. ಹತ್ತಿ ಹಿಂಜುವ ಗಿರಣಿ, ಎಣ್ಣೆ ಗಿರಣಿಗಳ ಕಾಟಾಗಳಿಗೆ ಕಂಪ್ಯೂಟರ್ ಜೋಡಿಸಿಕೊಡುವುದು ನಮ್ಮ ಕಚೇರಿಯ ಕೆಲಸ. ಒಂದೊಂದು ಗಿರಣಿಯದೂ ಒಂದೊಂದು ರೀತಿ. ನರಗುಂದದವರು ಹತ್ತಿಯ ತೇವಕ್ಕೆಂದು ತೂಕದಲ್ಲಿ ಇಷ್ಟು ಕಳೆಯುತ್ತಾರೆ, ರೋಣದವರು ಕಳೆಯುವುದೇ ಬೇರೆ. ಹಂಗಾಮು ಬದಲಾದಂತೆ ಆ ರೀತಿಯೂ ಬದಲಾಗುತ್ತದೆ. ಪ್ರತಿಸಲ ಇಡೀ ಪ್ರೋಗ್ರಾಮು ಬಿಚ್ಚಬಾರದೆಂದು, ಈ ನಿಯಮಗಳನ್ನಷ್ಟೇ ಬರೆಯುವ ಒಂದು ಸಣ್ಣ ಭಾಷೆಯನ್ನು ನಮ್ಮ ಕಚೇರಿಯಲ್ಲೇ ಮಾಡಲಾಗಿತ್ತು. ಅದಕ್ಕೂ ಕಾಟಾ ಎಂದೇ ಹೆಸರು. ಕನ್ನಡದ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು. ಬರೆದದ್ದಕ್ಕೆ ಸ್ಕ್ರಿಪ್ಟ್ ಎನ್ನುತ್ತಿದ್ದೆವು.

ಆ ಭಾಷೆಯನ್ನು ಮಾಡಿದವರು ರಾಜೇಸಾಬರು. ಪುರ್ತಗೇರಿಯವರು. ಅವರ ತಂದೆ ಊರೂರು ತಿರುಗಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಇವರು ಡಿಪ್ಲೊಮಾ ಓದಿದರು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವರು, ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ಮೊದಲ ದಿನ ನನಗೆ ಅವರು ಕಲಿಸಿದ್ದು ಹೀಗೆ: "ಗಾಡಿ ಅಂತ ಒಂದು ವಸ್ತು ಐತಿ ಅಂತ ತಿಳೀರಿ. ಅದಕ್ಕ ಗೊತ್ತಿರೋ ಕೆಲಸ ಇಂಥಿಂಥಾವು. ತೂಕ ಹೇಳೂದು ಒಂದು, ಖಾಲಿ ಗಾಡಿದು ಕಳೆಯೂದು ಒಂದು. ಚೀಲ ಅನ್ನೂದು ಬ್ಯಾರೇ ವಸ್ತು, ಅದರ ಕೆಲಸ ಬ್ಯಾರೇ. ಯಾರ ಕೆಲಸ ಅವರ ಮನಿಯಾಗ ಇರಬೇಕು. ಇಷ್ಟ." ಪುಸ್ತಕದವರು ಆ ಕೆಲಸಕ್ಕೆ ಮೆಥಡ್ ಎನ್ನುತ್ತಾರೆ. ನಾವು ಕೆಲಸ ಎಂದೇ ಅನ್ನುತ್ತಿದ್ದೆವು.

ಕಾಟಾದಲ್ಲಿ ಒಂದು ಕೆಲಸವನ್ನು ಬರೆಯುವ ರೀತಿ ಮೊದಲು ಬೇರೆ ಭಾಷೆಗಳಂತೆಯೇ ಇತ್ತು. ವಸ್ತುವಿನ ಹೆಸರು, ಬ್ರ್ಯಾಕೆಟ್ ತೆಗೆಯುವುದು. ಒಳಗೆ ಕೆಲಸದ ಹೆಸರು, ಮತ್ತೆ ಬ್ರ್ಯಾಕೆಟ್ ತೆಗೆಯುವುದು. ಬರೆದು ಮುಗಿದ ಮೇಲೆ ತೆಗೆದಷ್ಟನ್ನೂ ಮುಚ್ಚುವುದು. ಕಣ್ಣಿಗೆ ಅದು ಚೆಂದ. ಒಳಗಿನದು ಬಲಕ್ಕೆ ಸರಿದು ನಿಲ್ಲುತ್ತದೆ, ಯಾವುದು ಯಾರದೆಂದು ನೋಡಿದರೇ ತಿಳಿಯುತ್ತದೆ.

ಪುರ್ತಗೇರಿಯಿಂದ ಸೈಕಲ್ ಮೇಲೆ ಬರುತ್ತಿದ್ದ ರಾಜೇಸಾಬರು ಒಂದು ಚಳಿಗಾಲದಿಂದ ಬಸ್ಸಿಗೆ ಬರತೊಡಗಿದರು. ಕೇಳಿದ್ದಕ್ಕೆ ಚೇನು ಹೋಗಿದೆ ಎಂದರು. ಚೇನು ಅಷ್ಟು ದಿನ ಯಾರೂ ಬಿಡುವುದಿಲ್ಲ. ಆಮೇಲೆ ಮೇಜಿನ ಅಂಚಿನಲ್ಲಿಟ್ಟ ಚಹಾದ ಕಪ್ಪು ಬಸಿ ಅವರ ಮೊಳಕೈ ತಾಗಿ ಬೀಳುವುದು ನಿತ್ಯದ್ದಾಯಿತು. ಎದುರಿಗಿದ್ದದ್ದನ್ನು ಸರಿಯಾಗಿ ಓದುತ್ತಿದ್ದರು. ಪಕ್ಕದಲ್ಲಿದ್ದದ್ದು ಅವರಿಗೆ ಇಲ್ಲವೇ ಇಲ್ಲ. ನಾನು ಒಳ್ಳೆಯದಾಗಲಿ ಎಂದು ಪರದೆಯ ಅಕ್ಷರ ದೊಡ್ಡದು ಮಾಡಿಕೊಟ್ಟೆ. ಸ್ವಲ್ಪ ಹೊತ್ತು ನೋಡಿ, "ಸಣ್ಣವು ಮಾಡ್ರಿ ಅಕ್ಕಾರ. ದೊಡ್ಡವು ಮಾಡಿದ್ರ ಕಡಿಮಿ ಕಾಣತಾವು" ಎಂದರು. ಬಾಗಿಲಿನ ಕೀಲಿಯ ತೂತಿನಿಂದ ನೋಡಿದಂತೆ ಅವರ ನೋಟ. ತೂತಿನಲ್ಲಿ ಸಣ್ಣ ಅಕ್ಷರ ಹೆಚ್ಚು ಹಿಡಿಸುತ್ತವೆ. ಅವರ ದೊಡ್ಡಪ್ಪನಿಗೂ ಹೀಗೆಯೇ ಆಗಿ ಪೂರ್ತಿ ಹೋಯಿತಂತೆ. ಹುಬ್ಬಳ್ಳಿಯ ದವಾಖಾನೆಯಲ್ಲಿ ಇವರಿಗೂ ಔಷಧ ಇಲ್ಲವೆಂದು ಹೇಳಿ ಕಳಿಸಿದ್ದರು.

ಸಾಹುಕಾರರಿಗೆ ಹೇಳಬೇಡಿ ಎಂದು ಅವರೇನೂ ನನ್ನನ್ನು ಕೇಳಿಕೊಳ್ಳಲಿಲ್ಲ. ನಾನೂ ಹೇಳಲಿಲ್ಲ. ಅಂದಿನಿಂದ ಕೆಲಸದ ರೀತಿ ಬದಲಾಯಿತು. ಅವರು ಹೇಳುವುದು, ನಾನು ಟೈಪ್ ಮಾಡುವುದು. ಮಾಡಿದ್ದನ್ನು ಜೋರಾಗಿ ಓದುವುದು, ಅವರು ತಿದ್ದುವುದು. ಕಚೇರಿಯಲ್ಲಿ ಮೇಲಿನವರು ಹೇಳಿ ಬರೆಸುವುದು ವಾಡಿಕೆಯೇ ಇದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಕೆಳಗಿನ ನೂಲಿನ ಅಂಗಡಿಯವರು ಮಾತ್ರ ಮೇಲೆ ದಿನವಿಡೀ ಏನು ಪಾರಾಯಣ ನಡೆದಿದೆ ಎಂದು ನಗುತ್ತಿದ್ದರು. ಬ್ರ್ಯಾಕೆಟ್ಟಿಗೆ ನಾನು ತೆಗಿ, ಮುಚ್ಚು ಎನ್ನುತ್ತಿದ್ದೆ. ದೊಡ್ಡ ಸ್ಕ್ರಿಪ್ಟಿನ ಕೊನೆಗೆ ಮುಚ್ಚು, ಮುಚ್ಚು, ಮುಚ್ಚು ಎಂದು ಬರುತ್ತಿತ್ತು. ಅವರು ಕೈ ಎತ್ತಿ ನಿಲ್ಲಿಸುವರು.

"ಈಗ ಯಾವುದನ್ನ ಮುಚ್ಚಿದ್ರಿ?"

"ಗೊತ್ತಿಲ್ರಿ. ಇಲ್ಲೆ ಮುಚ್ಚು ಅಂತ ಐತಿ, ಮುಚ್ಚೀನಿ."

"ಹೊಳ್ಳಿ ಮೊದಲಿಂದ ಓದ್ರಿ."

ಹೀಗೆ ಎಷ್ಟೋ ಮಧ್ಯಾಹ್ನಗಳು ಹೋದವು. ನನಗೆ ಗಂಟಲು ಒಣಗುತ್ತಿತ್ತು, ಅವರಿಗೆ ತಲೆ ನೋಯುತ್ತಿತ್ತು.

ಮುಂದಿನ ಹತ್ತಿಯ ಹಂಗಾಮು ಶುರುವಾಗುವಾಗ ನರಗುಂದದ ಒಂದು ಗಿರಣಿಯವರು ತೇವದ ನಿಯಮ ಬದಲಿಸಿಕೊಡಲು ಹೇಳಿದರು. ಚೀಲದಲ್ಲಿ ತುಂಬಿ ತಂದ ಹತ್ತಿಗೆ ಬೇರೆ, ಗಾಡಿಯಲ್ಲಿ ಹಾಗೇ ಹೇರಿ ತಂದದ್ದಕ್ಕೆ ಬೇರೆ. ಎರಡೂ ಕೆಲಸಕ್ಕೆ ಕಳೆ ಎಂದೇ ಹೆಸರು. ಒಂದು ಗಾಡಿಯದು, ಒಂದು ಚೀಲದ್ದು. ರಾಜೇಸಾಬರು ಹೇಳಿದ್ದನ್ನು ನಾನು ಬರೆದೆ, ನಾನು ಓದಿದ್ದನ್ನು ಅವರು ಕೇಳಿ ಸರಿ ಎಂದರು. ಗಾಡಿಯನ್ನು ಮುಚ್ಚಬೇಕಾದ ಬ್ರ್ಯಾಕೆಟ್ ಒಂದು ಹೆಜ್ಜೆ ಕೆಳಗೆ ಹೋಗಿತ್ತು. ಚೀಲದ ಕಳೆ ಗಾಡಿಯ ಒಳಗೆ ಹೊಕ್ಕು, ಗಾಡಿಯ ಕಳೆಯನ್ನು ಅಳಿಸಿ ತಾನು ಕೂತಿತು. ನಮ್ಮ ಭಾಷೆಯಲ್ಲಿ ಒಂದೇ ಹೆಸರಿನ ಎರಡನೆಯದು ಬಂದರೆ ಮೊದಲಿನದು ಸದ್ದಿಲ್ಲದೆ ಹೋಗುತ್ತಿತ್ತು. ಯಂತ್ರ ತಕರಾರು ಹೇಳಲಿಲ್ಲ. ಮುಚ್ಚು ಎಂಬ ಮಾತಿಗೆ ನನ್ನ ಬಾಯಲ್ಲಿ ಯಾವ ಗುರುತೂ ಇರಲಿಲ್ಲ. ಅವರ ಕಿವಿಗೆ ಅದು ಎಲ್ಲ ಕಡೆಯೂ ಒಂದೇ.

ಗಿರಣಿಗೆ ಬಂದ ಗಾಡಿಗಳಿಗೆಲ್ಲ ತೂಕ ಕಡಿಮೆ ಬಿತ್ತು. ಯಾವಗಲ್ಲಿನ ಒಬ್ಬ ರೈತ ಬರುವ ದಾರಿಯಲ್ಲಿ ಬೇರೆ ಕಾಟಾದಲ್ಲಿ ತೂಗಿಸಿಕೊಂಡು ಬಂದಿದ್ದ. ಇಲ್ಲಿಯ ತೂಕ ಕೇಳಿ ಟ್ರ್ಯಾಕ್ಟರ್ ಇಳಿದು, ಕಾಟಾದ ಕೋಣೆಗೆ ಹೋಗಿ ಒಳಗೆ ಕೂತಿದ್ದವನ ಕೊರಳಪಟ್ಟಿ ಹಿಡಿದ. ಹಿಂದಿದ್ದ ಗಾಡಿಯವರೂ ಇಳಿದರು. ಕೂತಿದ್ದವನು ಫಕ್ಕೀರಪ್ಪ ಎಂಬ ಪಾಪದ ಮನುಷ್ಯ, ಪರದೆ ತೋರಿಸಿದ್ದನ್ನು ಓದಿ ಹೇಳುವುದಷ್ಟೇ ಅವನ ಕೆಲಸ. ಫೋನ್ ಬಂದು ಸಾಹುಕಾರರು, ರಾಜೇಸಾಬರು, ನಾನು ಅಲ್ಲಿಗೆ ಹೋದಾಗಲೂ ಅವನ ಕಿವಿಯ ರಕ್ತ ನಿಂತಿರಲಿಲ್ಲ. ಸ್ಕ್ರಿಪ್ಟ್ ತಿದ್ದಿದೆವು, ಗಾಡಿಗಳನ್ನು ಮತ್ತೆ ತೂಗಿದರು. ರೈತರ ಸಿಟ್ಟು ಇಳಿಯಲೆಂದು ಗಿರಣಿಯವರು ಫಕ್ಕೀರಪ್ಪನನ್ನು ಅಲ್ಲಿಯೇ ಕೆಲಸದಿಂದ ತೆಗೆದರು. ತಪ್ಪು ಅವನದಲ್ಲ, ಸ್ಕ್ರಿಪ್ಟಿನದು ಎಂದು ರಾಜೇಸಾಬರು ಗಟ್ಟಿಯಾಗಿ ಹೇಳಿದರು. ಸ್ಕ್ರಿಪ್ಟನ್ನು ಹೊಡೆಯಲು ಬರುವುದಿಲ್ಲವಲ್ಲ ಎಂದು ಮಾಲೀಕರು ಅಂದುಬಿಟ್ಟರು.

ಆ ಸಂಜೆ ಗಿರಣಿಯ ಅಂಗಳ ದಾಟುವಾಗ ಇಳಿಬಿಟ್ಟಿದ್ದ ಟ್ರೇಲರಿನ ಹಲಗೆಗೆ ರಾಜೇಸಾಬರು ಹಣೆ ಹೊಡೆದುಕೊಂಡು ಕುಸಿದರು. ಹಲಗೆಗೆ ಕೆಂಪು ಬಣ್ಣ ಬಳಿದಿತ್ತು, ಎಂಥವರಿಗೂ ಕಾಣುವಂಥದ್ದು. ಕಳಕಪ್ಪ ಸಾಹುಕಾರರು ನನ್ನ ಮುಖ ನೋಡಿದರು. ರಾಜೇಸಾಬರ ಕಣ್ಣಿನ ವಿಷಯವನ್ನು ಅವರಿಗೆ ಬೇರೆ ಹೇಳಬೇಕಾಗಿರಲಿಲ್ಲ.

ಮರುದಿನ ಕಚೇರಿಯಲ್ಲಿ ಸಾಹುಕಾರರು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಈ ಹಂಗಾಮು ಮುಗಿಯಲಿ, ಆಮೇಲೆ ನೀವು ಮನೆಯಲ್ಲಿ ಆರಾಮಿರಿ ಎಂದರು. ರಾಜೇಸಾಬರು ಹಣೆಯ ಪಟ್ಟಿ ಮುಟ್ಟಿಕೊಳ್ಳುತ್ತ ಕೂತಿದ್ದರು.

"ಸಾಹುಕಾರ್ರ, ಒಂದು ಮಾತು. ಕೆಲಸ ಬರೆಯೋ ರೀತಿ ನಾ ಬದಲು ಮಾಡ್ತೀನಿ. ಕಣ್ಣಿಗಲ್ಲ, ಕಿವಿಗೆ. ಹಂಗಾಮು ಮುಗಿಯೋದ್ರೊಳಗ ಬರೇ ಕೇಳಿ ನಾ ಕೆಲಸ ಮಾಡಿದ್ರ ಇಟ್ಕೋರಿ. ಆಗಲಿಲ್ಲಂದ್ರ ನಾನ ಹೋಗ್ತೀನಿ."

"ಊರೂರಿನ ಗಿರಣಿಯಾಗ ಹಳೇ ಸ್ಕ್ರಿಪ್ಟ್ ಅದಾವಲ್ರಿ. ಅವನ್ನೆಲ್ಲಾ ಏನ ಮಾಡ್ತೀರಿ?"

"ತಾವ ಬದಲಾಗೋ ಹಂಗ ಮಾಡ್ತೀನ್ರಿ. ಆಗದಿದ್ದದ್ದು ಅಕ್ಕಾರು ಹೋಗಿ ಮಾಡಿ ಬರ್ತಾರ."

ಸಾಹುಕಾರರು ಆಗಲಿ ಎಂದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೂಂ ಅನ್ನುತ್ತಿದ್ದೆ.

ಸವಿತಾ, ಒಂದು ಭಾಷೆಯಲ್ಲಿ ಬರೆಯುವ ರೀತಿಯನ್ನು ಬದಲಿಸುವುದೆಂದರೆ ಇರುವ ಮನೆಯ ತೊಲೆ ಬದಲಿಸಿದ ಹಾಗೆ. ಒಳಗೆ ಅಡುಗೆ ನಡೆದಿರುತ್ತದೆ. ನಿನಗೂ ಎಂದಾದರೂ ಬಂದೀತು, ಆದ್ದರಿಂದ ಹೇಗೆ ಮಾಡಿದೆವೆಂದು ಬರೆಯುತ್ತೇನೆ.

ರಾಜೇಸಾಬರು ಮೊದಲು ಬ್ರ್ಯಾಕೆಟ್ಟನ್ನೇ ಕೈಬಿಟ್ಟರು. ಪ್ರತಿಯೊಂದು ಕೆಲಸದ ಮೊದಲ ಸಾಲಿನಲ್ಲಿ ಅದು ಯಾರದೆಂದು ಬರಬೇಕು: ಗಾಡಿಯ ಕೆಲಸ ಕಳೆ. ಅದಕ್ಕೆ ಏನೇನು ಕೊಡಬೇಕು ಎಂಬುದು ಮುಂದಿನ ಸಾಲುಗಳಲ್ಲಿ, ಒಂದು ಸಾಲಿಗೆ ಒಂದು: ಬೇಕು ತೂಕ, ಬೇಕು ತೇವ. ಕೊನೆಗೆ ಮುಚ್ಚು ಅನ್ನುವ ಹಾಗಿಲ್ಲ, ಹೆಸರು ಹಿಡಿದು ಹೇಳಬೇಕು: ಗಾಡಿಯ ಕಳೆ ಮುಗಿತು. ಹೆಸರು ತಪ್ಪಿದರೆ ಯಂತ್ರ ಅಲ್ಲಿಯೇ ನಿಲ್ಲಬೇಕು. ಅದೇ ಹೆಸರಿನ ಕೆಲಸ ಮೊದಲೇ ಇದ್ದರೆ, ಹಳೇದು ತೆಗೆದು ಎಂದು ಬಾಯಿಬಿಟ್ಟು ಬರೆದರಷ್ಟೇ ಹೊಸದನ್ನು ಒಪ್ಪಬೇಕು. ಫಕ್ಕೀರಪ್ಪನ ಮೇಲೆ ಬಿದ್ದದ್ದು ಇನ್ನೊಬ್ಬನ ಮೇಲೆ ಬೀಳಬಾರದು ಎಂದು ಈ ಕಟ್ಟಳೆಯನ್ನು ಎಲ್ಲಕ್ಕಿಂತ ಮೊದಲು ಬರೆಸಿದರು.

ಇವನ್ನು ಪರೀಕ್ಷಿಸಲು ಅವರಲ್ಲಿ ಒಂದು ಅಳತೆ ಇತ್ತು. ಮೊದಲ ಸಾಲನ್ನು ನಾನು ಒಂದೇ ಉಸಿರಿಗೆ ಓದಬೇಕು. ನಡುವೆ ಉಸಿರು ತೆಗೆದುಕೊಂಡರೆ ಆ ಸಾಲು ಉದ್ದವಾಯಿತು, ಒಡೆಯಬೇಕು. ನನಗೆ ನೆಗಡಿಯಾದಾಗ ಬಹಳ ಸಾಲುಗಳು ಉದ್ದವಾದವು. "ಅಕ್ಕಾರಿಗೆ ನೆಗಡಿ ಬಂದಿದ್ದು ಭಾಷಾಕ್ಕ ಚಲೋ ಆತು" ಎಂದು ನಕ್ಕರು. ನಂತರ ಓದುವಾಗ ನಾನು ನಡುವೆ ನಿಂತು, ಇದು ಯಾರ ಕೆಲಸ, ಈಗ ಎಲ್ಲಿದ್ದೇವೆ ಎಂದು ಕೇಳುವುದು, ಅವರು ಹೇಳುವುದು. ಹಳೆಯ ರೀತಿಯಲ್ಲಿ ಬರೆದದ್ದನ್ನು ಓದಿ ಕೇಳಿದರೆ ಅರ್ಧ ತಪ್ಪುತ್ತಿದ್ದರು. ಹೊಸದರಲ್ಲಿ ತಪ್ಪಲಿಲ್ಲ. ಆ ಚಳಿಗಾಲದಲ್ಲಿ ಅವರ ತೂತಿನ ನೋಟವೂ ಮಸುಕಾಗುತ್ತ ಬಂತು. ಪರದೆಯ ಕಡೆಗೆ ತಿರುಗುವುದನ್ನೇ ಬಿಟ್ಟು ಕಿಟಕಿಯ ಕಡೆಗೆ ಮುಖ ಮಾಡಿ, ನಾನು ಓದುವುದಕ್ಕೆ ಕಿವಿ ಕೊಟ್ಟು ಕೂರುತ್ತಿದ್ದರು.

ಹಳೆಯ ಸ್ಕ್ರಿಪ್ಟನ್ನು ಹೊಸ ರೀತಿಗೆ ತಿರುಗಿಸುವ ಪ್ರೋಗ್ರಾಮು ಬಹುಪಾಲು ಸರಿಯಾಗಿ ಮಾಡಿತು. ಉಳಿದದ್ದಕ್ಕೆ ನಾನು ಫ್ಲಾಪಿಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಊರೂರಿಗೆ ಬಸ್ಸು ಹತ್ತಿದೆ. ಅಸೂಟಿಯ ಕಡೆಯ ಒಂದು ಎಣ್ಣೆ ಗಿರಣಿಯಲ್ಲಿ ಅಲ್ಲಿನ ಗುಮಾಸ್ತ ತಾನೇ ಸ್ಕ್ರಿಪ್ಟ್ ಬರೆದುಕೊಂಡಿದ್ದ. ವಸ್ತುಗಳಿಗೆಲ್ಲ ಬೀಗರ ಹೆಸರು. ಮಾವ ಎಂದರೆ ಲಾರಿ, ಅಳಿಯ ಎಂದರೆ ಟ್ರ್ಯಾಕ್ಟರು. ಹೊಸ ರೀತಿಯಲ್ಲಿ ಅದು 'ಮಾವನ ಕೆಲಸ ಕೊಡು, ಅಳಿಯನ ಕೆಲಸ ಬೇಡು' ಎಂದಾಯಿತು. ಗಿರಣಿಯ ಮಾಲೀಕ ನಾನು ಓದುವುದನ್ನು ಕೇಳಿ, "ಇಷ್ಟು ದಿನ ನನ್ನ ಕಾಟಾದಾಗ ಇದನ್ನ ಬರೆದಿದ್ದ್ಯೇನಲೇ" ಎಂದು ಗುಮಾಸ್ತನಿಗೆ ಅಂದ. ಬ್ರ್ಯಾಕೆಟ್ಟಿನ ಕಾಲದಲ್ಲಿ ಅವನ ಗುಟ್ಟು ಉಳಿದಿತ್ತು. ಆ ಹಂಗಾಮಿನಲ್ಲಿ ನಾನು ಮನಸಾರೆ ನಕ್ಕದ್ದು ಅದೊಂದೇ ಸಲ.

ಹೊಸ ರೀತಿಯ ನಿಜವಾದ ಗುಣ ಗೊತ್ತಾದದ್ದು ಫೋನಿನಲ್ಲಿ. ಮೊದಲು ಗಿರಣಿಯಲ್ಲಿ ಏನಾದರೂ ಕೆಟ್ಟರೆ ಯಾರಾದರೂ ಹೋಗಲೇಬೇಕಿತ್ತು, ಬ್ರ್ಯಾಕೆಟ್ ಫೋನಿನಲ್ಲಿ ಓದಲು ಬರುತ್ತಿರಲಿಲ್ಲ. ಈಗ ಗಿರಣಿಯವನು ಪರದೆಯ ಮುಂದೆ ಕೂತು ಓದಿದರೆ ಸಾಕು. ಒಂದು ಮಧ್ಯಾಹ್ನ ರೋಣದ ಗಿರಣಿಯೊಂದರಲ್ಲಿ ಕಾಟಾ ನಿಂತು ಗಾಡಿಗಳ ಸಾಲು ರಸ್ತೆಗೆ ಬಂದಿತ್ತು. ರಾಜೇಸಾಬರು ಫೋನನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿ ಕೇಳಿದರು. ಆ ಕಡೆಯವನು ಓದುತ್ತ ಹೋದ. ನಡುವೆ ಇವರು ನಿಲ್ಲಿಸಿ, ಚೀಲದ ಕೆಲಸದಲ್ಲಿ ಬೇಕು ಎಂದು ಕೇಳಿದ ತೇವವನ್ನು ಗಾಡಿಯ ಕಡೆಯಿಂದ ಯಾರೂ ಕೊಡುತ್ತಿಲ್ಲ, ಆ ಸಾಲು ಸೇರಿಸು ಎಂದರು. ಕಾಟಾ ಶುರುವಾಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸಾಹುಕಾರರು ಒಳಗೆ ಬಂದು ಅವರ ಬೆನ್ನ ಮೇಲೆ ಕೈ ಇಟ್ಟರು. ನಾನು ಆಗ ಗೆದ್ದೆವು ಎಂದುಕೊಂಡೆ. ರಾಜೇಸಾಬರೂ ಹಾಗೆಯೇ ತಿಳಿದರು. ಅವತ್ತು ಕೆಳಗಿನಿಂದ ಮಿರ್ಚಿ ಭಜಿ ತರಿಸಿದರು.

ಆಮೇಲೆ ಸಾಹುಕಾರರು ನರಗುಂದದಿಂದ ಮಂಜುನಾಥ ಎಂಬ ಎಂಜಿನಿಯರನ್ನು ಕರೆತಂದರು. ಒಳ್ಳೆಯ ಮನುಷ್ಯ, ಕೆಲಸದಲ್ಲಿ ಚುರುಕು. ರಾಜೇಸಾಬರೇ ಅವನಿಗೆ ಕಲಿಸಿದರು. ಹಳೆಯ ರೀತಿಯಾಗಿದ್ದರೆ ಅವನಿಗೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಇದು ಒಂದು ವಾರದಲ್ಲಿ ಬಂತು. ಯಾವ ಗಿರಣಿಯ ಸ್ಕ್ರಿಪ್ಟ್ ತೆಗೆದರೂ ಅದು ತಾನೇ ತನ್ನ ಕಥೆ ಹೇಳುತ್ತಿತ್ತು. ಎರಡನೆಯ ವಾರ ಮಂಜುನಾಥ ಒಬ್ಬನೇ ಫೋನು ಎತ್ತಿದ.

ಹಂಗಾಮು ಮುಗಿಯಿತು. ಸಾಹುಕಾರರು ರಾಜೇಸಾಬರನ್ನು ಕರೆದರು. ನಾನು ಎದ್ದು ಹೊರಗೆ ಹೊರಟೆ.

"ಅಕ್ಕಾರು ಇರಲಿ" ಎಂದರು ರಾಜೇಸಾಬರು. "ನಿಮ್ಮ ಮುಖ ನನಗ ಕಾಣವಲ್ದು. ಅವ್ರು ನೋಡ್ತಾರ."

ಸಾಹುಕಾರರೂ ಕೆಟ್ಟವರಲ್ಲ. ಮೆಟ್ಟಿಲು ಕಡಿದು, ಬಿದ್ದರೆ ಏನು ಗತಿ ಎಂದು ಸುತ್ತಿ ಬಳಸಿ ಹೇಳಿದರು.

"ಮೆಟ್ಟಲ ಬಿಡ್ರಿ. ನಾ ಕೇಳಿ ಕೆಲಸ ಮಾಡಿದ್ನೋ ಇಲ್ಲೋ?"

"ಮಾಡಿದ್ರಿ. ಖರೇ ಹೇಳಬೇಕಂದ್ರ ಕಣ್ಣಿದ್ದಾಗಿನಕಿಂತ ಚಲೋ ಮಾಡಿದ್ರಿ."

"ಮತ್ತ?"

"ನಿಮಗ ಓದಾಕ ಒಬ್ಬರು ಬೇಕು, ರಾಜೇಸಾಬ. ಮಂಜುನಾಥಗ ಬ್ಯಾಡ. ಹಳೇ ಭಾಷಾ ನಿಮಗೊಬ್ಬರಿಗೇ ತಿಳೀತಿತ್ತು, ನಿಮ್ಮನ್ನ ಬಿಡಾಕ ನನಗ ಆಗ್ತಿದ್ದಿಲ್ಲ. ಈಗ ಯಾರು ಓದಿದ್ರೂ ತಿಳಿತೈತಿ. ಹಂಗ ಮಾಡಿಟ್ಟಾವ್ರು ನೀವ."

ರಾಜೇಸಾಬರು ಮೇಜಿನ ಅಂಚನ್ನು ಬೆರಳಿನಿಂದ ಹುಡುಕಿ ಹಿಡಿದುಕೊಂಡರು. "ಹೌದ್ರಿ. ನಾನ ಮಾಡಿದ್ದು" ಎಂದರು. ಆಮೇಲೆ ನನ್ನ ಕಡೆ ಮುಖ ತಿರುಗಿಸಿ, "ಸಾಹುಕಾರ್ರು ನಗಾಕತ್ತಾರೇನ್ರಿ ಅಕ್ಕಾರ?" ಎಂದು ಕೇಳಿದರು. ಇಲ್ಲ, ತಲೆ ಕೆಳಗೆ ಹಾಕಿದ್ದಾರೆ ಎಂದೆ. "ಆತು ಹಂಗಾದ್ರ" ಎಂದು ಎದ್ದರು. ಮೆಟ್ಟಿಲಲ್ಲಿ ನನ್ನ ಕೈ ಹಿಡಿಯಲಿಲ್ಲ, ಗೋಡೆ ಹಿಡಿದು ಇಳಿದರು.

ನಾನು ಬಿಡಲಿಲ್ಲ. ಮನೆ ನಡೆಯಬೇಕಿತ್ತು. ಮಂಜುನಾಥನ ಜೊತೆ ಕೆಲಸ ಮಾಡಿದೆ. ಅವನಿಗೆ ನಾನು ಓದಿ ಹೇಳುವುದು ಬೇಕಿರಲಿಲ್ಲ, ಪರದೆಯ ಮೇಲೆ ಕಣ್ಣಾಡಿಸಿ ಮುಂದೆ ಹೋಗುತ್ತಿದ್ದ. ಒಂದು ದಿನ, ಪ್ರತಿಸಲ ಗಾಡಿಯ ಕೆಲಸ ಕಳೆ, ಗಾಡಿಯ ಕಳೆ ಮುಗಿತು ಎಂದು ಇಷ್ಟುದ್ದ ಬರೆಯಬೇಕೇ, ಚಿಕ್ಕದಾಗಿ ಬರೆಯುವುದನ್ನೂ ಒಪ್ಪುವ ಹಾಗೆ ಮಾಡುತ್ತೇನೆ, ಬೇಕಾದವರು ಉದ್ದ ಬರೆಯಲಿ ಎಂದ. ಕೇಳಲು ಸರಿಯಾಗಿಯೇ ಇತ್ತು. ಬ್ರ್ಯಾಕೆಟ್ ಮತ್ತೆ ಬಂತು. ಹೀಗೂ ಬರೆಯಬಹುದು ಎಂದಾದ ಮೇಲೆ ಉದ್ದ ಬರೆಯುವವರು ಯಾರು? ಗಿರಣಿಗಳ ಗುಮಾಸ್ತರೂ ಚಿಕ್ಕದನ್ನೇ ಹಿಡಿದರು. ಇಂಥ ಬದಲಾವಣೆಯಲ್ಲಿ ಯಾರೂ ಹಳೆಯದನ್ನು ಮುರಿಯುವುದಿಲ್ಲ ಸವಿತಾ, ಪಕ್ಕದಲ್ಲಿ ಇನ್ನೊಂದು ಬಾಗಿಲು ತೆಗೆಯುತ್ತಾರೆ. ಜನ ಅತ್ತ ತಿರುಗುತ್ತಾರೆ. ಹಳೇದು ತೆಗೆದು ಎಂಬ ಕಟ್ಟಳೆಯನ್ನಾದರೂ ಚಿಕ್ಕದರಲ್ಲಿ ಉಳಿಸು ಎಂದು ನಾನು ಹಟ ಹಿಡಿದೆ, ಫಕ್ಕೀರಪ್ಪನ ವಿಷಯ ಹೇಳಿದೆ. ಅದನ್ನು ಮಂಜುನಾಥ ಉಳಿಸಿದ. ಅಷ್ಟು ಉಳಿಯಿತು.

ರಾಜೇಸಾಬರಿಗೆ ಇದು ಬೇರೆಯವರಿಂದ ತಿಳಿಯಬಾರದೆಂದು ಒಂದು ರಜೆಯ ದಿನ ಮಧ್ಯಾಹ್ನ ಪುರ್ತಗೇರಿಗೆ ಹೋದೆ. ಅವರ ಹೆಂಡತಿ ಮಾಬೂಬಿ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ತೆಗೆಯುತ್ತಿದ್ದಳು. ಅವರಿಗೆ ಈಗ ಬೆಳಕೂ ಗೊತ್ತಾಗುವುದಿಲ್ಲ, ಹಗಲಿಲ್ಲ ರಾತ್ರಿಯಿಲ್ಲ, ಎಷ್ಟು ಹೊತ್ತಿಗೂ ಎದ್ದು ಕೂರುತ್ತಾರೆ ಎಂದು ಮೆಲ್ಲಗೆ ಹೇಳಿದಳು. ಕೈ ತೊಳೆದು ನನ್ನನ್ನು ಒಳಗೆ ಕರೆದೊಯ್ದಳು. ರಾಜೇಸಾಬರು ಕೌದಿಯ ಮೇಲೆ ಕೂತಿದ್ದರು, ಗಡ್ಡ ಬಿಟ್ಟಿದ್ದರು. ನನ್ನ ಚಪ್ಪಲಿಯ ಸದ್ದಿಗೇ ಗುರುತು ಹಿಡಿದರು.

ಬಂದ ವಿಷಯ ಹೇಳಿದೆ.

"ತಂದೀರೇನು?"

ಹೊಸ ಸ್ಕ್ರಿಪ್ಟ್ ಒಂದನ್ನು ಕಾಗದದ ಮೇಲೆ ತೆಗೆದುಕೊಂಡು ಹೋಗಿದ್ದೆ.

"ಓದ್ರಿ."

ಓದಿದೆ. ಮೊದಲಿನಂತೆ ನಿಧಾನಕ್ಕೆ, ಜೋರಾಗಿ ಓದಿದೆ. ಅವರು ತುಟಿ ಅಲ್ಲಾಡಿಸುತ್ತ ಬೆರಳು ಮಡಚುತ್ತ ಕೇಳಿದರು, ತೆಗಿ ಅಂದಾಗ ಒಂದು ಬೆರಳು, ಮುಚ್ಚು ಅಂದಾಗ ಬಿಚ್ಚುವುದು. ಅರ್ಧದವರೆಗೆ ಬಂದರು. ಅಲ್ಲಿಂದ ಬೆರಳುಗಳು ತಪ್ಪಿದವು. ಹೊಳ್ಳಿ ಓದಿ ಎನ್ನುತ್ತಾರೆಂದು ನಾನು ನಿಂತೆ.

"ಸಾಕ್ರಿ ಅಕ್ಕಾರ" ಎಂದರು. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಮಂಜುನಾಥಗ ಏನೂ ಅನಬ್ಯಾಡ್ರಿ. ಕಣ್ಣಿದ್ದಾವಗ ಅದ ಲಗೂ ಆಗತೈತಿ."

ಕಾಗದ ಮಡಚಿ ಚೀಲದಲ್ಲಿ ಹಾಕಿಕೊಂಡೆ.

"ಅಲ್ಲೆ ಈಗ ಜೋರಾಗಿ ಓದಾವ್ರು ಯಾರರ ಅದಾರೇನ್ರಿ?"

"ಯಾರೂ ಇಲ್ರಿ. ಎಲ್ಲಾರೂ ಮನಸಿನಾಗ ಓದ್ಕೋತಾರ."

ಅವರು ತಲೆಯಾಡಿಸಿದರು. "ಹಂಗಾದ್ರ ನಾ ಅಲ್ಲೆ ಬಂದು ಕುಂತ್ರೂ ನನಗ ಏನೂ ಕೇಳೂದಿಲ್ಲ" ಎಂದರು. ಅದಾದ ಮೇಲೆ ಕಾಟಾದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಾಬೂಬಿ ನನ್ನನ್ನು ಹೋಗಗೊಡಲಿಲ್ಲ, ರೋಣದ ಬಸ್ಸೂ ತಪ್ಪಿತು. ರಾತ್ರಿ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು ಉಂಡೆವು. ಪಲ್ಯ ಬಲಕ್ಕೆ, ಚಟ್ನಿ ಎಡಕ್ಕೆ, ಮೊಸರು ಮುಂದಕ್ಕೆ ಎಂದು ಮಾಬೂಬಿ ಗಂಡನಿಗೆ ಹೇಳಿಕೊಟ್ಟಳು. ಅವರು ಒಂದು ರೊಟ್ಟಿ ತಿಂದು ಕೈ ತೊಳೆದರು. ನಾವಿಬ್ಬರೂ ಪಾತ್ರೆ ತಿಕ್ಕಿ ಬರುವಷ್ಟರಲ್ಲಿ ಕೂತಲ್ಲಿಯೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಇಷ್ಟು ಬೇಗ ಮಲಗಿದ್ದು ನೋಡಿಯೇ ಬಹಳ ದಿನವಾಗಿತ್ತು ಎಂದು ಮಾಬೂಬಿ ಅವರ ಕಾಲಿಗೆ ಕೌದಿ ಹೊದಿಸಿದಳು. ಆಮೇಲೆ ಅವಳು ಮಲಗಿದಳು, ಕೊನೆಗೆ ನಾನು.